ಪಂಚಾಯತಿಯ ಕೆಲಸ ನೋಡಲು ಪಕ್ಕದ ತಾಲೂಕಿನ ಪಂಚಾಯತಿಯವರೇ ಬರಲಿ

2023ರ ಬೇಸಿಗೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಎರಡು ಸಣ್ಣ ಊರುಗಳ ಹೆಸರು ರಾಜ್ಯಕ್ಕೆಲ್ಲ ಗೊತ್ತಾಯಿತು. ಒಂದು ರಾಯಚೂರು ಜಿಲ್ಲೆ ದೇವದುರ್ಗ ತಾಲೂಕಿನ ರೇಕಲಮರಡಿ, ಇನ್ನೊಂದು ಕೊಪ್ಪಳ ಜಿಲ್ಲೆ ಕನಕಗಿರಿ ತಾಲೂಕಿನ ಬಸರಿಹಾಳ. ಕುಡಿಯುವ ನೀರು ಕೆಟ್ಟು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಆ ಮೇಲೆ ಅಧಿಕಾರಿಗಳು ಬಂದರು, ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಯಿತು, ವಿಧಾನಸೌಧದಲ್ಲೂ ಮಾತಾಯಿತು.

ಹಾಗಾದರೆ ಅಲ್ಲಿಯವರೆಗೆ ಆ ಪಂಚಾಯತಿಗಳ ಕೆಲಸವನ್ನು ನೋಡುವ ಏರ್ಪಾಡೇ ಇರಲಿಲ್ಲವೆ? ಇತ್ತು. ರಾಜ್ಯದ ಸುಮಾರು 5,950 ಗ್ರಾಮ ಪಂಚಾಯತಿಗಳಿಗೆ ಇರುವುದೆಲ್ಲ ಅವಕ್ಕೂ ಇತ್ತು. ವರ್ಷಕ್ಕೊಮ್ಮೆ ರಾಜ್ಯ ಲೆಕ್ಕಪರಿಶೋಧನೆ ಇಲಾಖೆಯವರು ಬಂದು ವೋಚರು, ನಗದು ಪುಸ್ತಕ ತಿರುವುತ್ತಾರೆ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ, ಅಂದರೆ ಹಿಂದಿನ ವರ್ಷದ ಲೆಕ್ಕ, ಕಾಮಗಾರಿಗಳ ಬಹಿರಂಗ ಪರಿಶೀಲನೆ, ನಡೆಯಬೇಕು. ಉದ್ಯೋಗ ಖಾತರಿ ಕಾಮಗಾರಿಗೆ ಸಾಮಾಜಿಕ ಪರಿಶೋಧನೆ ಇದೆ. ತಾಲೂಕು ಪಂಚಾಯತಿ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಬರುತ್ತಾರೆ, ಜಿಲ್ಲಾ ಪಂಚಾಯತಿಯಿಂದ ನೋಡಲ್ ಅಧಿಕಾರಿ ಬರುತ್ತಾರೆ. ಇದರ ಮೇಲೆ ಪಂಚತಂತ್ರ ತಂತ್ರಾಂಶಕ್ಕೆ ದಿನವೂ ಮಾಹಿತಿ ತುಂಬಬೇಕು. ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಬ್ಬರ ಮೇಜಿನ ಮೇಲೆ ಬರುವ ವರದಿ ನಮೂನೆಗಳನ್ನು ನೋಡಿದವರಿಗೆ ನಮ್ಮ ಪಂಚಾಯತಿಗಳಲ್ಲಿ ತಪಾಸಣೆ ಸಾಲದು ಎಂದು ಅನಿಸಲು ಸಾಧ್ಯವೇ ಇಲ್ಲ.

ಇಷ್ಟಾದರೂ ನೀರು ಕೆಟ್ಟಿದ್ದು ಮೊದಲು ಗೊತ್ತಾದದ್ದು ಆಸ್ಪತ್ರೆಯಲ್ಲಿ. ಈಗಿರುವ ತಪಾಸಣೆಗಳೆಲ್ಲ ಮೇಲಿನಿಂದ ಕೆಳಗೆ ಬರುವಂಥವು, ಹೆಚ್ಚಿನವು ಕಾಗದವನ್ನು ಓದುವಂಥವು. ಬ್ಲೀಚಿಂಗ್ ಪೌಡರ್ ಕೊಂಡ ರಸೀದಿ ಲೆಕ್ಕಪರಿಶೋಧಕರಿಗೆ ಸಿಗುತ್ತದೆ. ಅದು ಟ್ಯಾಂಕಿಗೆ ಬಿತ್ತೋ, ಗೋದಾಮಿನಲ್ಲೇ ಗಟ್ಟಿಯಾಯಿತೋ ಎಂಬುದನ್ನು ನೋಡುವುದು ಅವರ ಕೆಲಸವಲ್ಲ. ಪೈಪು ಚರಂಡಿಯೊಳಗೇ ಹಾದುಹೋಗಿದೆ, ವಾಲ್ವಿನ ಗುಂಡಿಯಲ್ಲಿ ಕೊಳಚೆ ನಿಂತಿದೆ, ಕರೆಂಟು ಹೋದಾಗ ಆ ಕೊಳಚೆ ಪೈಪಿನೊಳಗೆ ಎಳೆದುಕೊಳ್ಳುತ್ತದೆ: ಇದನ್ನು ಒಂದೇ ನೋಟಕ್ಕೆ ಕಂಡುಹಿಡಿಯುವವರು ಯಾರು? ಇನ್ನೊಂದು ಊರಿನಲ್ಲಿ ಇದೇ ತೊಂದರೆಯನ್ನು ಎದುರಿಸಿದ ವಾಟರ್‌ಮ್ಯಾನ್, ಅದಕ್ಕಾಗಿ ಜನರಿಂದ ಬೈಸಿಕೊಂಡ ಮಾಜಿ ಮೆಂಬರ್, ಅದರ ರಿಪೇರಿಗೆ ಹಣ ಹೊಂದಿಸಲು ಪರದಾಡಿದ ಪಿಡಿಒ.

ಅಂಥವರನ್ನೇ ಸ್ವಯಂಸೇವಕರಾಗಿ ಕರೆದು, ಸ್ವಲ್ಪ ತರಬೇತಿ ಕೊಟ್ಟು, ಬೇರೆ ತಾಲೂಕಿನ ಪಂಚಾಯತಿಗೆ ಕಳಿಸಿ, ಅಲ್ಲಿ ಕೆಲಸ ಹೇಗಿದೆ ಎಂದು ನೋಡಿ ಹೇಳಿಸುವುದಕ್ಕೆ ಸಹವರ್ತಿ ಪರಾಮರ್ಶೆ ಎನ್ನಬಹುದು. ಕೊಪ್ಪಳ, ರಾಯಚೂರಿನಂಥ ಜಿಲ್ಲೆಗಳಿಗೆ ಈಗ ಬೇಕಾದದ್ದು ಇನ್ನೊಂದು ಸೂಚ್ಯಂಕವಲ್ಲ, ಇದು. ಆದರೆ ಯಾರನ್ನು ಕರೆಯುತ್ತೇವೆ ಎಂಬುದರ ಮೇಲೆ ಇದರ ಬಾಳು ನಿಂತಿದೆ.

ಸೂಚ್ಯಂಕದ ಮಾತು ಬಂದದ್ದರಿಂದ ಅದನ್ನೂ ನೋಡೋಣ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2025ರ ಏಪ್ರಿಲ್‌ನಲ್ಲಿ ಪಂಚಾಯತ್ ಪ್ರಗತಿ ಸೂಚ್ಯಂಕವನ್ನು ಬಿಡುಗಡೆ ಮಾಡಿತು. 2022-23ರ ಮಾಹಿತಿ, ಒಂಬತ್ತು ವಿಷಯಗಳು, 435 ಸೂಚಕಗಳು. ದೇಶದ 2,16,285 ಪಂಚಾಯತಿಗಳನ್ನು ಅಳೆದಾಗ 90ಕ್ಕಿಂತ ಹೆಚ್ಚು ಅಂಕ ಪಡೆದದ್ದು ಒಂದೂ ಇಲ್ಲ. 75ರಿಂದ 90ರ ನಡುವೆ ಬಂದವು 699. 60ರಿಂದ 75ರ ನಡುವೆ 77,298. ಉಳಿದವುಗಳಲ್ಲಿ 1,32,392 ಪಂಚಾಯತಿಗಳು 40ರಿಂದ 60ರ ನಡುವೆ, 5,896 ಅದಕ್ಕೂ ಕೆಳಗೆ. ಇಂಥ ಅಳತೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ದೇಶದ ಚಿತ್ರ ಒಟ್ಟಿಗೆ ಸಿಗುವುದು ಇಂಥದರಿಂದಲೇ. ಆದರೆ ಈ ಅಂಕಿಗಳಲ್ಲಿ ಹೆಚ್ಚಿನವು ಪಂಚಾಯತಿ ಕಚೇರಿಯಿಂದ, ಇಲಾಖೆಗಳಿಂದ ಪೋರ್ಟಲ್‌ಗೆ ಏರಿದವು. 52 ಅಂಕ ಬಂದ ಪಂಚಾಯತಿಯ ಅಧ್ಯಕ್ಷೆಗೆ ನಾಳೆ ಬೆಳಿಗ್ಗೆ ಏನು ಮಾಡಬೇಕು ಎಂಬುದನ್ನು ಆ 52 ಹೇಳುವುದಿಲ್ಲ. ರಾಜ್ಯದ ಗಾಂಧಿ ಗ್ರಾಮ ಪುರಸ್ಕಾರದ ದಾರಿಯೂ ಹೆಚ್ಚುಕಡಿಮೆ ಇದೇ. ಪ್ರಶ್ನಾವಳಿಗೆ ಪಂಚಾಯತಿಯೇ ಉತ್ತರ ತುಂಬುತ್ತದೆ, ಮೇಲಿನವರು ಬಂದು ಪರಿಶೀಲಿಸುತ್ತಾರೆ, ತಾಲೂಕಿಗೊಂದರಂತೆ ಆಯ್ಕೆಯಾದದ್ದಕ್ಕೆ 5 ಲಕ್ಷ ರೂಪಾಯಿ. ಗೆದ್ದ ಪಂಚಾಯತಿಗೆ ಹುರುಪು ಬರುತ್ತದೆ, ಒಳ್ಳೆಯದೇ. ಸೋತವರಿಗೆ ಯಾಕೆ ಸೋತೆವು ಎಂದು ಕೂತು ವಿವರಿಸುವವರು ಯಾರೂ ಇಲ್ಲ.

ಹೊರಗಿನ ಅನುಭವ ಏನು ಹೇಳುತ್ತದೆ? ಇಂಗ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಗಳನ್ನು ಸರ್ಕಾರದ ಆಡಿಟ್ ಕಮಿಷನ್ ತಪಾಸಣೆ ಮಾಡುತ್ತಿತ್ತು. ಅದನ್ನು ರದ್ದು ಮಾಡುವುದಾಗಿ 2010ರಲ್ಲಿ ಪ್ರಕಟಿಸಿ 2015ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದರು. ಈ ನಡುವೆ, 2011ರಿಂದ, ಅಲ್ಲಿನ ಕೌನ್ಸಿಲ್‌ಗಳದೇ ಒಕ್ಕೂಟವಾದ ಲೋಕಲ್ ಗವರ್ನಮೆಂಟ್ ಅಸೋಸಿಯೇಷನ್ ಪಿಯರ್ ಚಾಲೆಂಜ್ ಎಂಬ ಪದ್ಧತಿ ತಂದಿತು. ಬೇರೆ ಕೌನ್ಸಿಲ್‌ಗಳ ಹಾಲಿ ಸದಸ್ಯರು, ಅಧಿಕಾರಿಗಳು ತಂಡವಾಗಿ ಬಂದು ಕೆಲವು ದಿನ ಇದ್ದು, ಎಲ್ಲರೊಡನೆ ಮಾತಾಡಿ ವರದಿ ಬರೆಯುತ್ತಾರೆ. ಐದು ವರ್ಷಕ್ಕೊಮ್ಮೆಯಾದರೂ ಪ್ರತಿ ಕೌನ್ಸಿಲ್ ಇದಕ್ಕೆ ಒಡ್ಡಿಕೊಳ್ಳಬೇಕೆಂಬುದು ನಿರೀಕ್ಷೆ. ವರದಿಯನ್ನೂ, ಅದಕ್ಕೆ ತಾನು ಏನು ಮಾಡುತ್ತೇನೆ ಎಂಬುದನ್ನೂ ಕೌನ್ಸಿಲ್ ಪ್ರಕಟಿಸಬೇಕು. ನಮ್ಮ ಗ್ರಾಮ ಪಂಚಾಯತಿಗೆ ಹೋಲುವ ಪ್ಯಾರಿಷ್ ಕೌನ್ಸಿಲ್‌ಗಳು, ಸುಮಾರು 10,000 ಇವೆ, ಅವಕ್ಕೆ ಬೇರೆಯದೇ ಮನ್ನಣೆ ಯೋಜನೆ ಇದೆ. ಅಲ್ಲೂ ಅರ್ಜಿಗಳನ್ನು ನೋಡುವ ಸಮಿತಿಯಲ್ಲಿ ಇನ್ನೊಂದು ಕೌನ್ಸಿಲ್‌ನ ಸದಸ್ಯರು, ಗುಮಾಸ್ತರು ಇರುತ್ತಾರೆ. ವೇಲ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡು ಚುನಾವಣೆಗಳ ನಡುವೆ ಒಮ್ಮೆಯಾದರೂ ಹೊರಗಿನವರ ಸಮಿತಿಯಿಂದ ಮೌಲ್ಯಮಾಪನ ಆಗಲೇಬೇಕೆಂದು 2021ರಲ್ಲಿ ಕಾನೂನನ್ನೇ ಮಾಡಿತು.

ಇದು ಎಲ್ಲಕ್ಕೂ ಮದ್ದಲ್ಲ. ಇದೇ ಪದ್ಧತಿ ಇರುವ ಇಂಗ್ಲೆಂಡಿನಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ನಗರಾಡಳಿತ ತನ್ನ ಲೆಕ್ಕ ಸರಿದೂಗುತ್ತಿಲ್ಲ ಎಂದು ಹೊಸ ಖರ್ಚಿಗೆಲ್ಲ ತಡೆ ಹಾಕುವ ನೋಟಿಸ್ ಹೊರಡಿಸಬೇಕಾಯಿತು. ಒಂದೇ ಕೆಲಸದವರು ಒಬ್ಬರ ಬಗ್ಗೆ ಒಬ್ಬರು ಬರೆಯುವಾಗ ಮಾತು ಮೆತ್ತಗಾಗುವ ಅಪಾಯ ಯಾವಾಗಲೂ ಇದೆ. ಅದಕ್ಕೇ ಸಹವರ್ತಿ ಪರಾಮರ್ಶೆ ಲೆಕ್ಕಪರಿಶೋಧನೆಯ ಜಾಗಕ್ಕೆ ಬರಬಾರದು, ಅದರ ಪಕ್ಕದಲ್ಲಿ ನಿಲ್ಲಬೇಕು. ಹಣ ತಿಂದದ್ದನ್ನು ಹಿಡಿಯುವುದು ಅದರ ಕೆಲಸವಲ್ಲ.

ದೇಶದೊಳಗೂ ಇದಕ್ಕೆ ಹತ್ತಿರದ ಅನುಭವವಿದೆ. ಕೇರಳದಲ್ಲಿ 1996ರ ಜನಕೀಯ ಯೋಜನೆ ಶುರುವಾದಾಗ ಪಂಚಾಯತಿಗಳು ತಯಾರಿಸಿದ ಯೋಜನೆಗಳನ್ನು ಪರಿಶೀಲಿಸಲು ಸರ್ಕಾರದಲ್ಲಿ ಸಾಕಷ್ಟು ತಜ್ಞರಿರಲಿಲ್ಲ. ನಿವೃತ್ತ ಎಂಜಿನಿಯರುಗಳು, ವೈದ್ಯರು, ಬ್ಯಾಂಕಿನವರು, ಪ್ರಾಧ್ಯಾಪಕರನ್ನು ಸ್ವಯಂಸೇವಕರಾಗಿ ಕರೆದು ತಾಂತ್ರಿಕ ದಳ ಕಟ್ಟಿದರು. ಸಾವಿರಾರು ಜನ ಬಂದರು. ನಮ್ಮಲ್ಲಿ ಅಧಿಕಾರ ವಿಕೇಂದ್ರೀಕರಣದ ಕನಸು ಅದಕ್ಕೂ ಹಳೆಯದು. 1983ರ ಪಂಚಾಯತಿ ಕಾಯ್ದೆ, 1987ರ ಮಂಡಲ ಪಂಚಾಯತಿ, ಜಿಲ್ಲಾ ಪರಿಷತ್ ಚುನಾವಣೆ, ಜನ ನೀರ್‌ಸಾಬ್ ಎಂದೇ ಕರೆದ ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್: ಪಂಚಾಯತಿಗಳಿಗೆ ಸಂವಿಧಾನದ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಬರುವ ಮೊದಲೇ ಈ ನೆಲದಲ್ಲಿ ಆಗಿಹೋದ ಕೆಲಸ ಅದು. ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಮೈಸೂರಿನಲ್ಲಿದ್ದು, ಪಂಚಾಯತಿ ಸದಸ್ಯರಿಗೆ ತರಬೇತಿ ಕೊಡುತ್ತಲೇ ಇದೆ. ತರಬೇತಿ ಪಡೆದವರು ಅವಧಿ ಮುಗಿದ ಮೇಲೆ ಎಲ್ಲಿ ಹೋಗುತ್ತಾರೆ ಎಂಬುದನ್ನು ಮಾತ್ರ ನಾವು ಯೋಚಿಸಿಲ್ಲ.

ನನ್ನ ವಾದದ ತಿರುಳು ಇಲ್ಲೇ ಇದೆ. 2020ರ ಡಿಸೆಂಬರ್‌ನಲ್ಲಿ ನಡೆದ ಚುನಾವಣೆಯಲ್ಲಿ ಗೆದ್ದವರ ಐದು ವರ್ಷ ಮುಗಿಯುವುದರೊಂದಿಗೆ ಪ್ರತಿ ತಾಲೂಕಿನಲ್ಲೂ ನೂರಾರು ಜನ ಮಾಜಿಗಳಾಗುತ್ತಾರೆ. ಜನಸಂಖ್ಯೆಯಲ್ಲಿ ಸುಮಾರು 400ಕ್ಕೆ ಒಬ್ಬರಂತೆ ಸದಸ್ಯರು, ಅವರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು. ಮೀಸಲಾತಿ ಸರದಿ ಬದಲಾದಾಗ ಕ್ಷೇತ್ರವೇ ಕೈತಪ್ಪಿ, ಮತ್ತೆ ನಿಲ್ಲುವ ಅವಕಾಶವೂ ಇಲ್ಲದೆ ಮನೆಗೆ ಮರಳುವವರು ಬಹಳ. ಅಧ್ಯಕ್ಷ ಸ್ಥಾನವಂತೂ ಮೂವತ್ತು ತಿಂಗಳದ್ದು. ಮೊದಲ ವರ್ಷ ನಡಾವಳಿ ಪುಸ್ತಕಕ್ಕೆ ಸಹಿ ಮಾಡುವುದನ್ನು ಕಲಿತು, ಎರಡನೆಯ ವರ್ಷ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೀರು, ನೈರ್ಮಲ್ಯಕ್ಕೇ ಮೀಸಲಾದ ಶೇ 60 ಯಾವುದು, ಉಳಿದ ಶೇ 40 ಯಾವುದು ಎಂದು ತಿಳಿದು, ಯಾವ ಎಂಜಿನಿಯರ್ ಫೋನ್ ಎತ್ತುತ್ತಾರೆ ಎಂದು ಅರಿಯುವಷ್ಟರಲ್ಲಿ ಕುರ್ಚಿ ಹೋಗಿರುತ್ತದೆ. ಹಾಗೆ ಅಧ್ಯಕ್ಷೆಯಾಗಿದ್ದ ಹೆಣ್ಣುಮಗಳು ಕಲಿತದ್ದು ಆಕೆಯ ಅಡುಗೆಮನೆಯಲ್ಲೇ ಉಳಿಯುತ್ತದೆ. ಇಷ್ಟು ದುಬಾರಿಯಾಗಿ ಸಂಪಾದಿಸಿದ ತಿಳಿವಳಿಕೆಯನ್ನು ಐದೈದು ವರ್ಷಕ್ಕೊಮ್ಮೆ ಹೀಗೆ ಚೆಲ್ಲುವ ವ್ಯವಸ್ಥೆಯನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕುಷ್ಟಗಿ, ಯಲಬುರ್ಗಾ, ದೇವದುರ್ಗಗಳನ್ನು ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ಅತಿ ಹಿಂದುಳಿದ ತಾಲೂಕು ಎಂದಿತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, ಕಲ್ಯಾಣ ಕರ್ನಾಟಕ ಮಂಡಳಿಯ ಹಣ ಬಂತು, ರಾಯಚೂರು ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿ ಸೇರಿತು, ಬಳ್ಳಾರಿಗೆ ಗಣಿ ನಿಧಿಯೂ ಇದೆ. ಹಣದ ಕೊರತೆ ಮೊದಲಿನಷ್ಟಿಲ್ಲ. ಬಂದ ಹಣವನ್ನು ಊರಿಗೆ ಹೊಂದುವಂತೆ ಬಳಸುವ ಕೈಚಳಕ ಒಂದು ಪಂಚಾಯತಿಯಿಂದ ಇನ್ನೊಂದಕ್ಕೆ ದಾಟುತ್ತಿಲ್ಲ. ಕಸದ ಗಾಡಿ ನಿಂತಲ್ಲೇ ತುಕ್ಕು ಹಿಡಿದ ಪಂಚಾಯತಿಯಿಂದ ಇಪ್ಪತ್ತು ಕಿಲೋಮೀಟರಿನಾಚೆ ಸಂಜೀವಿನಿ ಸ್ವಸಹಾಯ ಸಂಘದ ಹೆಣ್ಣುಮಗಳೊಬ್ಬಳು ಸ್ವಚ್ಛವಾಹಿನಿಯನ್ನು ತಾನೇ ಓಡಿಸುತ್ತ ಮನೆಮನೆಯ ಕಸ ಎತ್ತುತ್ತಿರುತ್ತಾಳೆ. ಡೀಸೆಲ್ ಹಣ ಎಲ್ಲಿಂದ ಹೊಂದಿಸಿದರು, ಮನೆಗೆ ತಿಂಗಳಿಗೆ ಎಷ್ಟು ಶುಲ್ಕ ಕೇಳಿದರು, ಕೊಡದವರ ಹತ್ತಿರ ಹೇಗೆ ಮಾತಾಡಿದರು ಎಂಬುದನ್ನು ಸುತ್ತೋಲೆ ಹೇಳುವುದಿಲ್ಲ, ಆಕೆ ಹೇಳುತ್ತಾಳೆ.

ಹಾಗಾದರೆ ಯಾರನ್ನು ಕರೆಯಬೇಕು? ಮಾಜಿ ಅಧ್ಯಕ್ಷೆಯರು, ಮಾಜಿ ಸದಸ್ಯರು ಮೊದಲು. ಬೇರೆ ತಾಲೂಕಿನ ಹಾಲಿ ಪಿಡಿಒ ಅಥವಾ ಕಾರ್ಯದರ್ಶಿ ಒಬ್ಬರು. ಅನುಭವಿ ವಾಟರ್‌ಮ್ಯಾನ್ ಒಬ್ಬರು. ಇವರನ್ನು ಎಲ್ಲ ಸಮಿತಿಗಳೂ ಮರೆಯುತ್ತವೆ, ನೀರಿನ ವಿಷಯದಲ್ಲಿ ಇವರಿಗಿಂತ ದೊಡ್ಡ ತಜ್ಞರು ಊರಲ್ಲಿ ಇರುವುದಿಲ್ಲ. ಸಂಜೀವಿನಿ ಒಕ್ಕೂಟದವರು, ಉದ್ಯೋಗ ಖಾತರಿ ಕೂಲಿಕಾರರಿಗೆ ನೆರವಾಗುವ ಗ್ರಾಮ ಕಾಯಕ ಮಿತ್ರರು, ಪಂಚಾಯತಿ ಗ್ರಂಥಾಲಯವಾದ ಅರಿವು ಕೇಂದ್ರದ ಮೇಲ್ವಿಚಾರಕರು ಇರಲಿ. ನಿವೃತ್ತ ಶಿಕ್ಷಕರು ವರದಿ ಬರೆಯಲು ನೆರವಾಗಬಹುದು. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೇ ಇದೆ, ಕೊಪ್ಪಳದಿಂದ ದೂರವೇನಲ್ಲ. ಅಲ್ಲಿನ ವಿದ್ಯಾರ್ಥಿಗಳು ತಂಡದ ಜತೆ ಬರಲಿ. ನಿವೃತ್ತ ಅಧಿಕಾರಿಗಳಿಂದಲೇ ತಂಡ ತುಂಬಿಸುವ ಸುಲಭದ ದಾರಿ ಹಿಡಿದರೆ ಮಾತ್ರ ಅದು ಇನ್ನೊಂದು ಇನ್‌ಸ್ಪೆಕ್ಷನ್ ಆಗುತ್ತದೆ. ಕೇರಳದ ದಾರಿ ತಾಂತ್ರಿಕ ಪರಿಶೀಲನೆಗೆ ಸರಿ. ಪಂಚಾಯತಿ ಸಭೆಯಲ್ಲಿ ಯಾರ ಮಾತು ಬೀಳುತ್ತದೆ, ಯಾರ ಮಾತು ನಡೆಯುತ್ತದೆ ಎಂದು ಅಳೆಯಲು ಆ ಸಭೆಯಲ್ಲಿ ಕೂತು ಸೋತವರೇ ಬೇಕು.

ಸ್ವಯಂಸೇವೆ ಎಂದರೆ ಬಿಟ್ಟಿ ಸೇವೆ ಎಂದು ಸರ್ಕಾರ ತಿಳಿದುಕೊಂಡರೆ ಈ ಯೋಜನೆ ಹುಟ್ಟುವ ಮೊದಲೇ ಸಾಯುತ್ತದೆ. ನಾಲ್ಕು ದಿನ ಬೇರೆ ಊರಿಗೆ ಹೋಗಿ ಇರುವುದು ಪೆನ್ಷನ್ ಇದ್ದವರಿಗೆ, ಹೊಲ ಕೋರು ಕೊಟ್ಟವರಿಗೆ ಕಷ್ಟವಲ್ಲ. ಕೂಲಿಗೆ ಹೋಗುವ ಮಾಜಿ ಸದಸ್ಯೆಗೆ ಅದು ನಾಲ್ಕು ದಿನದ ಒಲೆಯ ಪ್ರಶ್ನೆ. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಅದಕ್ಕಿಂತ ಕಡಿಮೆಯಾಗದ ಭತ್ಯೆ, ಬಸ್ಸಿನ ಖರ್ಚು, ಊಟ, ಹೆಣ್ಣುಮಕ್ಕಳಿಗೆ ಸುರಕ್ಷಿತ ವಸತಿ, ಚಿಕ್ಕ ಮಗುವಿದ್ದರೆ ಕೂಸಿನ ಮನೆಯ (ಪಂಚಾಯತಿಯ ಶಿಶುಪಾಲನಾ ಕೇಂದ್ರ) ಏರ್ಪಾಡು, ಇಷ್ಟು ಇರಲೇಬೇಕು. ಇಲ್ಲವಾದರೆ ಬಡವರ ಪಂಚಾಯತಿಯನ್ನು ಉಳ್ಳವರು ಬಂದು ನೋಡಿದಂತಾಗುತ್ತದೆ. ಸುಗ್ಗಿ, ಬಿತ್ತನೆ, ಗುಳೆ ಹೋಗುವ ತಿಂಗಳು ನೋಡಿಕೊಂಡು ದಿನ ಗೊತ್ತು ಮಾಡುವುದೂ ಇದರಲ್ಲೇ ಸೇರಿದ್ದು.

ತನ್ನ ತಾಲೂಕಿಗೆ ಯಾರೂ ಹೋಗಬಾರದು ಎಂಬುದನ್ನು ಗಟ್ಟಿಯಾಗಿ ಹಿಡಿಯಬೇಕು. ಉದ್ಯೋಗ ಖಾತರಿಯ ಸಾಮಾಜಿಕ ಪರಿಶೋಧನೆಗೆ 2011ರಲ್ಲಿ ಬಂದ ನಿಯಮದಲ್ಲೂ ಅದೇ ಪಂಚಾಯತಿಯ ನಿವಾಸಿಗಳನ್ನು ಸಂಪನ್ಮೂಲ ವ್ಯಕ್ತಿಯಾಗಿ ನೇಮಿಸಬಾರದು ಎಂದಿದೆ. ನಮ್ಮಲ್ಲಿ ಅಷ್ಟು ಸಾಲದು. ಬೀಗರು, ನೆಂಟರು, ಒಂದೇ ಪಕ್ಷದವರು, ಒಂದೇ ಗುತ್ತಿಗೆದಾರನ ಹಂಗಿನವರು ಪಕ್ಕದ ಪಂಚಾಯತಿಯಲ್ಲೂ ಸಿಗುತ್ತಾರೆ. ಜಾತಿಯ ಭಯ ಅದಕ್ಕಿಂತ ದೊಡ್ಡದು. 2014ರಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಮನೆಗಳ ಮೇಲೆ ನಡೆದ ದಾಳಿಯ ಪ್ರಕರಣದಲ್ಲಿ ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು ಎಲ್ಲರಿಗೂ ನೆನಪಿದೆ. ಇಂಥ ಜಿಲ್ಲೆಯಲ್ಲಿ ತನ್ನೂರಿನ ಪಂಚಾಯತಿಯಲ್ಲಿ ಪರಿಶಿಷ್ಟರ ಕೇರಿಗೆ ನಲ್ಲಿ ಯಾಕೆ ಕೊನೆಗೆ ಬಂತು ಎಂದು ಬರೆದು ಸಹಿ ಹಾಕು ಎಂದು ಅಲ್ಲೇ ಬಾಳಬೇಕಾದ ದಲಿತ ಮಾಜಿ ಸದಸ್ಯನಿಗೆ ಹೇಳುವುದು ಅನ್ಯಾಯ. ಅದೇ ವ್ಯಕ್ತಿ ಮಸ್ಕಿಗೋ ಸಿರುಗುಪ್ಪಕ್ಕೋ ಹೋದರೆ ಕಂಡದ್ದನ್ನು ಕಂಡಂತೆ ಬರೆಯಬಲ್ಲ.

ತಂಡ ಊರಿಗೆ ಬಂದು ನೋಡುವುದೇನು? ಕಚೇರಿಯಲ್ಲಿ ಒಂದು ದಿನ ಸಾಕು. ನಡಾವಳಿ ಪುಸ್ತಕದಲ್ಲಿ ಕಳೆದ ಒಂದು ವರ್ಷದ ಠರಾವುಗಳನ್ನು ಓದಿ, ಅವುಗಳಲ್ಲಿ ಎಷ್ಟು ನೆಲಕ್ಕಿಳಿದವು ಎಂದು ಗುರುತು ಹಾಕಬೇಕು. ತೆರಿಗೆಯ ಬೇಡಿಕೆ, ವಸೂಲಿ, ಬಾಕಿ ನೋಡಬೇಕು. ಬಾಕಿ ಯಾರದ್ದು ಎಂಬುದು ಮುಖ್ಯ: ಬಡವರ ಗುಡಿಸಲಿನದೋ, ರಸ್ತೆಬದಿಯ ದೊಡ್ಡ ಗೋದಾಮಿನದೋ. ಉಳಿದ ದಿನಗಳೆಲ್ಲ ಓಣಿಯಲ್ಲಿ ಕಳೆಯಬೇಕು. ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ ಮಿಷನ್ ಹೇಳಿದ್ದು ತಲೆಗೆ ದಿನಕ್ಕೆ 55 ಲೀಟರ್. ಕೊನೆಯ ಮನೆಯ ನಲ್ಲಿಯ ಕೆಳಗೆ ಕೊಡ ಇಟ್ಟು ಗಡಿಯಾರ ನೋಡಿದರೆ ಲೆಕ್ಕ ತಾನಾಗಿಯೇ ಸಿಗುತ್ತದೆ. ಅದೇ ನೀರಿನಲ್ಲಿ ಕ್ಲೋರಿನ್ ಅಂಶ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿದೆಯೇ ಎಂದು ಪರೀಕ್ಷಾ ಕಿಟ್‌ನಿಂದ ಅಲ್ಲೇ ನಿಂತು ನೋಡಬಹುದು. ಊರಿಗೆ ಐದು ಜನ ಹೆಣ್ಣುಮಕ್ಕಳಿಗೆ ಆ ಕಿಟ್ ಬಳಸಲು ಕಲಿಸಬೇಕೆಂದಿದೆ. ಅವರು ಯಾರು, ಕಿಟ್ ಎಲ್ಲಿದೆ ಎಂದು ಕೇಳಿದರೆ ಸಾಕು, ಅರ್ಧ ಕಥೆ ಗೊತ್ತಾಗುತ್ತದೆ. ಫ್ಲೋರೈಡ್ 1.5 ಮಿಲಿಗ್ರಾಂ ದಾಟಿದ ಕೊಳವೆಬಾವಿಗಳು ಈ ಭಾಗದಲ್ಲಿ ಹೊಸತಲ್ಲ. ಅಂಥ ಊರಲ್ಲಿ ಶುದ್ಧ ನೀರಿನ ಘಟಕ ಎಷ್ಟು ದಿನದಿಂದ ಬಂದ್ ಇದೆ ಎಂದು ಪಕ್ಕದ ಕಿರಾಣಿ ಅಂಗಡಿಯವರು ಹೇಳುತ್ತಾರೆ.

ಗ್ರಾಮಸಭೆಯನ್ನು ತಂಡ ಕಣ್ಣಾರೆ ನೋಡಬೇಕು. ಕೋರಂ, ಅಂದರೆ ಕನಿಷ್ಠ ಹಾಜರಿ, ಎಷ್ಟಿರಬೇಕೆಂದು ಕಾನೂನು ಹೇಳುತ್ತದೆ: ಮತದಾರರ ಹತ್ತನೇ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅದು. ಸಹಿ ಪುಸ್ತಕದಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಯಾರು ಕುರ್ಚಿಯಲ್ಲಿ ಕೂತರು, ಯಾರು ಬಾಗಿಲ ಹೊರಗೆ ನಿಂತರು, ಅಧ್ಯಕ್ಷೆಯ ಬದಲು ಅವರ ಗಂಡ ಉತ್ತರ ಕೊಟ್ಟರೆ ಎಂಬುದು ಅದರಲ್ಲಿ ಬರುವುದಿಲ್ಲ. ತಂಡದಲ್ಲಿರುವ ಮಾಜಿ ಅಧ್ಯಕ್ಷೆ ಹಾಲಿ ಸದಸ್ಯೆಯರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು, 'ನೀವು ಹೇಳಿದ್ದು ಎಷ್ಟ್ ನಡೀತದವ್ವಾ?' ಎಂದು ಕೇಳಿದಾಗ ಬರುವ ಉತ್ತರವನ್ನು ಯಾವ ಐಎಎಸ್ ಅಧಿಕಾರಿಯೂ ಪಡೆಯಲಾರರು.

ವರದಿಗೆ ಅಂಕ ಇರಬಾರದು, ಬಹುಮಾನವೂ ಬೇಡ. ಇದನ್ನು ಹಲವರು ಒಪ್ಪಲಿಕ್ಕಿಲ್ಲ. ಆದರೆ ಅಂಕ ಬಂದ ಕೂಡಲೇ ಪೈಪೋಟಿ ಬರುತ್ತದೆ, ಪೈಪೋಟಿಯ ಹಿಂದೆ ಬಾಡೂಟ, ಶಾಲು, ಹಾರ, ಶಿಫಾರಸು ಬರುತ್ತವೆ, ಪಂಚಾಯತಿಯವರು ತಮ್ಮ ತೊಂದರೆ ಮುಚ್ಚಿಡಲು ಶುರು ಮಾಡುತ್ತಾರೆ. ನಾಲ್ಕು ಪುಟದ ವರದಿ ಸಾಕು, ಆಡುಮಾತಿಗೆ ಹತ್ತಿರದ ಕನ್ನಡದಲ್ಲಿ. ಇಲ್ಲಿ ಕಲಿಯುವಂಥದ್ದು ಏನಿದೆ, ಮೂರು ತಿಂಗಳಲ್ಲಿ ಪಂಚಾಯತಿ ತಾನೇ ಸರಿಮಾಡಬಹುದಾದದ್ದು ಯಾವುದು, ಅದರ ಕೈಮೀರಿದ್ದು ಯಾವುದು, ಅದಕ್ಕೆ ಮೇಲಿನ ಯಾರು ಹೊಣೆ. ಕೊನೆಯದನ್ನು ಬರೆಯುವುದು ತುಂಬ ಮುಖ್ಯ. ಪೈಪ್‌ಲೈನ್ ಹಾಕಿದ ಗುತ್ತಿಗೆದಾರನ ಬಿಲ್ಲು ಪಂಚಾಯತಿಯ ಒಪ್ಪಿಗೆಯಿಲ್ಲದೆ ಪಾವತಿಯಾಗಿದ್ದರೆ, ಎರಡು ಪಂಚಾಯತಿಗೆ ಒಬ್ಬರೇ ಪಿಡಿಒ ಓಡಾಡುತ್ತಿದ್ದರೆ, ಅದಕ್ಕೆ ಅಧ್ಯಕ್ಷೆಯನ್ನು ಬೈದು ಫಲವಿಲ್ಲ. ಮೇಲಿನ ತಪಾಸಣೆಗಳು ಮೇಲಿನವರ ತಪ್ಪನ್ನು ಬರೆಯುವುದಿಲ್ಲ. ಸಹವರ್ತಿಗಳು ಬರೆಯುತ್ತಾರೆ, ಏಕೆಂದರೆ ಅದೇ ತಾಪತ್ರಯ ಅವರ ಊರಲ್ಲೂ ಇದೆ.

ಪಿಡಿಒಗಳ ಆಕ್ಷೇಪ ಒಂದಿದೆ, ಅದು ನ್ಯಾಯವಾದದ್ದು: ಈಗಿರುವ ವರದಿಗಳೇ ಹೊರಲಾರದಷ್ಟಿವೆ, ಮತ್ತೊಂದು ತಂಡಕ್ಕೆ ಕಡತ ಜೋಡಿಸುತ್ತ ಕೂರುವುದೆ? ಹಾಗಾಗಿ ತಂಡಕ್ಕಾಗಿ ಹೊಸ ನಮೂನೆ ಒಂದನ್ನೂ ತುಂಬಿಸಬಾರದು. ಪಂಚತಂತ್ರದಲ್ಲಿ, ಸೂಚ್ಯಂಕದಲ್ಲಿ ಇರುವ ಮಾಹಿತಿಯನ್ನೇ ಜಿಲ್ಲಾ ಪಂಚಾಯತಿ ಮುದ್ರಿಸಿ ತಂಡದ ಕೈಗೆ ಕೊಡಲಿ. ಪಂಚಾಯತಿ ಒಪ್ಪಿ ಕರೆದರೆ ಮಾತ್ರ ತಂಡ ಹೋಗಲಿ. ಮೊದಲ ವರ್ಷ ಕರೆಯುವವರು ಚೆನ್ನಾಗಿ ನಡೆಯುವ ಪಂಚಾಯತಿಗಳೇ ಇರಬಹುದು. ಇರಲಿ, ತಂಡಗಳು ಪಳಗುವುದು ಅಲ್ಲೇ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲೇ ಮುಗಿದು ವರ್ಷಗಟ್ಟಲೆ ಚುನಾಯಿತರಿಲ್ಲದೆ ಅಧಿಕಾರಿಗಳಿಂದಲೇ ನಡೆದುಬಂದ ಈ ಕಾಲದಲ್ಲಿ, ಗ್ರಾಮ ಪಂಚಾಯತಿಯ ಕಷ್ಟವನ್ನು ಮೇಲೆ ಮುಟ್ಟಿಸಲು ಜನಪ್ರತಿನಿಧಿಗಳ ಇನ್ನೊಂದು ದಾರಿ ಬೇಕೇಬೇಕು. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲಾ ಪಂಚಾಯತಿಗಳ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು (ಸಿಇಒ) ಒಪ್ಪಿಕೊಂಡು ಒಬ್ಬರ ತಂಡವನ್ನು ಇನ್ನೊಬ್ಬರ ಜಿಲ್ಲೆಗೆ ಕಳಿಸುವ ಏರ್ಪಾಡು ಮಾಡಬಹುದು. ಆಯ್ಕೆಗೆ ಶಾಸಕರ ಪಟ್ಟಿ ಬೇಡ. ಅರ್ಜಿ ಕರೆಯುವ ಪ್ರಕಟಣೆ ಪಂಚಾಯತಿ ಫಲಕದಲ್ಲಿ, ಅರಿವು ಕೇಂದ್ರದಲ್ಲಿ, ಸಂಜೀವಿನಿ ಸಂಘಗಳ ಸಭೆಯಲ್ಲಿ ಓದಿ ಹೇಳುವಂತಿರಲಿ, ಓದು ಬಾರದವರಿಂದ ಬಾಯಿಮಾತಿನ ಅರ್ಜಿಯೂ ನಡೆಯಲಿ. ಜಮಾಬಂದಿ ಸೆಪ್ಟೆಂಬರ್ 15ಕ್ಕೆ ಮುಗಿಯುತ್ತದೆ, ಮುಂದಿನ ವರ್ಷದ ಯೋಜನೆ ತಯಾರಿಸುವ ಅಭಿಯಾನ ಅಕ್ಟೋಬರ್ 2ರಿಂದ ಹಿಡಿಯುತ್ತದೆ. ತಂಡಗಳು ಆ ನಡುವಿನ ಎರಡು ವಾರದಲ್ಲಿ ಹೋಗಿಬಂದರೆ, ವರದಿಯನ್ನು ಯೋಜನೆಯ ಗ್ರಾಮಸಭೆಯಲ್ಲೇ ಗಟ್ಟಿಯಾಗಿ ಓದಿ, ಮೂರು ತಿಂಗಳ ಕೆಲಸಗಳನ್ನು ಅಲ್ಲೇ ಠರಾವು ಮಾಡಬಹುದು.